ನೀಲವ್ವನನ್ನು ಕೇಳಿದವನಿಗೆ ಕೊಟ್ಟ ಉತ್ತರ

ಪ್ರಜ್ಞಾ,

ಸಿಂದಗಿಯ ನೆಟ್ ಸೆಂಟರಿಗೆ ಹೋಗಿದ್ದೆ. ಇನ್ನೂ ಒಂದು ಕಡೆ ಕೂರಲಾಗುತ್ತಿಲ್ಲ. ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ಬೆಳೆಸುವ ನಮ್ಮ ನೆಟ್ಟಿನ ಗುಂಪಿನಲ್ಲಿ, ನೀನು ಹುಟ್ಟಿಸಿದ ಪಾತ್ರವನ್ನು, ದೋಣಿ ನಡೆಸುವ ನೀಲವ್ವನನ್ನು, ಕಲ್ಮೇಶ ತನಗೆ ಕೊಡಿ ಎಂದು ಕೇಳುತ್ತಿದ್ದಾನೆ. ತನ್ನ ಕಥೆಯಲ್ಲಿ ಅವಳನ್ನು ಹೊಳೆಯಲ್ಲಿ ಮುಳುಗಿಸುತ್ತಾನಂತೆ. ಪಾತ್ರ ಹುಟ್ಟಿಸಿದವರು ಒಪ್ಪದೆ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಹುಟ್ಟಿಸಿದವರು ತೀರಿಕೊಂಡರೆ ಅದು ಎಲ್ಲರದು. ಗುಂಪಿನ ಕಟ್ಟಳೆ ಹಾಗಿದೆ.

"ಪ್ರಜ್ಞಾ ಅಕ್ಕಾರು ಉತ್ತರಾನ ಕೊಡವಲ್ರು. ನೀನರ ಕೇಳೋ ಮಾರಾಯಾ, ನಿಮ್ಮ ಓಣ್ಯಾವರ ಅಲ್ಲೇನು?" ಎಂದು ಬರೆದಿದ್ದ.

ಜ್ವರದಲ್ಲಿ ನೀನು ತೀರಿಹೋದದ್ದನ್ನು ಅಲ್ಲಿ ಯಾರಿಗೂ ಹೇಳಿಲ್ಲ. ಬರೆಯಲು ಹೋದೆ, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಕೊನೆಗೆ, "ಕೇಳೇನಿ. ಆಕಿ ಬ್ಯಾಡ ಅಂದಾಳ" ಎಂದೆ.

"ಆತು ಬಿಡು. ಅಕ್ಕಾರು ಆರಾಮ ಅದಾರಲ್ಲಾ?" ಎಂದು ಕೇಳಿದ.

"ಆರಾಮ ಅದಾಳ" ಎಂದು ಬರೆದು ಎದ್ದು ಬಂದೆ.