ಮೂರನೇ ಪಿಯರ್

ಮಾರ್ಚ್ 3, ಸಂಜೆ

ಸೇತುವೆಯ ಒಂದು, ಎರಡನೇ ಪಿಯರ್ ಮುಳುಗಿ ನೋಡಿದ್ದು ಮುಗಿಯಿತು. ಬಿರುಕಿಲ್ಲ. ನೀರೆಲ್ಲ ಕೆಸರು, ಟಾರ್ಚ್ ಇದ್ದೂ ದಂಡ. ಕೈಯಿಂದ ತಡವಿ ನೋಡಿದ್ದೇ ನೋಡಿದ್ದು.

ಊಟಕ್ಕೆ ಕೂತಾಗ ಅಕ್ಕ, "ಪಿಯರ್ ಪಿಯರ್ ಅಂತೀಯಲ್ಲ, ಕಂಬ ಅಂದ್ರೆ ಬಾಯಿ ನೋಯುತ್ತಾ?" ಅಂದಳು. ನಕ್ಕೆ. ಮನೆಯೊಳಗೆ ನಿಂತದ್ದು ಕಂಬ. ನೀರಲ್ಲಿ ನಿಂತು ಸೇತುವೆ ಹೊತ್ತದ್ದು ಪಿಯರ್. ಕಂಬಕ್ಕೆ ಮೇಲಿನ ಭಾರ ಮಾತ್ರ. ಇದಕ್ಕೆ ನೀರಿನ ಒದೆ ಬೇರೆ, ಬುಡದ ಮಣ್ಣು ಕೊರೆದುಹೋಗುವ ಕಾಟ ಬೇರೆ. ಹೇಳಿಕೊಟ್ಟವರು ಭಾವ... ಅದನ್ನು ಹೇಳಲಿಲ್ಲ.

"ಮೂರನೇದು ಯಾವತ್ತು?" ಅಂದಳು.

ನಾಳೆ ಅಂದೆ. ಅನ್ನ ಕಲಸುತ್ತಿದ್ದ ಅವಳ ಕೈ ಹಾಗೇ ನಿಂತಿತು.

ಮಾರ್ಚ್ 4, ಮಧ್ಯಾಹ್ನ

ಹೋದ ವರ್ಷ ಭಾವ ಮುಳುಗಿದ್ದು ಇಲ್ಲೇ, ಈ ಮೂರನೇ ಪಿಯರ್ ಹತ್ತಿರ. ಸೊಂಟಕ್ಕೆ ಕಟ್ಟಿದ್ದ ಹಗ್ಗ ತುಂಡಾಗಿ ಮೇಲೆ ಬಂತು. ಅವರು ಬರಲಿಲ್ಲ. ಹೆಣವೂ ಸಿಗಲಿಲ್ಲ.

ಬುಡದಲ್ಲಿ ಒಬ್ಬ ಮನುಷ್ಯ ತೂರುವಷ್ಟು ಪೊಳ್ಳು. ಕೈ ಹಾಕಿದೆ. ಹಗ್ಗದ ತುದಿ! ಒಂದು ಸಲ ಎಳೆದೆ — ನಮ್ಮ ಕೆಲಸದಲ್ಲಿ ಒಂದು ಎಳೆತ ಅಂದರೆ 'ಹೇಗಿದ್ದೀಯಾ', ತಿರುಗಿ ಒಂದು ಬಂದರೆ 'ಚೆನ್ನಾಗಿದ್ದೀನಿ'. ಒಳಗಿನಿಂದ ಒಂದು ಬಂತು. ಆಮೇಲೆ ಇನ್ನೊಂದು, ಸಣ್ಣದು.

ಸಣ್ಣದು ಭಾವನದು. ಬೇರೆ ಯಾರೂ ಹಾಗೆ ಎಳೆಯುವುದಿಲ್ಲ. "ಮೊದಲನೇದು ನಿನಗೆ, ಸಣ್ಣದು ನಿಮ್ಮಕ್ಕನಿಗೆ ಕಣೋ, ತಲುಪಿಸು" ಅಂತ ನಗುತ್ತಿದ್ದರು. ಅಕ್ಕನೂ ಬಲ್ಲಳು.

ನೀರಿನ ಸೆಳೆತ ಇರಬೇಕು. ಹೆದರಿ ಮೇಲೆ ಬಂದುಬಿಟ್ಟೆ.

ಮಾರ್ಚ್ 5

ಜ್ವರ. ಎಂಜಿನಿಯರ್ ಮನೆಗೇ ಬಂದರು. "ಎಂಟನೇ ತಾರೀಕು ಪೊಳ್ಳಿಗೆ ಕಾಂಕ್ರೀಟ್ ತುಂಬಿಸ್ತೀವಿ. ಒಳಗೆ ಏನೂ ಇಲ್ಲ ಅಂತ ನೀವೊಂದು ಮಾತು ಹೇಳಿದ್ರೆ ಸಾಕು."

ಜ್ವರ ಇಳಿಯಲಿ, ಹೇಳ್ತೀನಿ ಅಂದೆ. ತುಂಬಿಸಿದರೆ ಭಾವ ಶಾಶ್ವತವಾಗಿ ಅಲ್ಲೇ. ಅಕ್ಕ ಇನ್ನೂ ಅವರ ಚಪ್ಪಲಿಯನ್ನು ಬಾಗಿಲ ಪಕ್ಕದಿಂದ ತೆಗೆದಿಲ್ಲ.

ಎಂಜಿನಿಯರ್ ಹೋದ ಮೇಲೆ, "ಒಂದೇ ಒಂದು ಸಲ ಹುಡುಕು," ಅಂದಳು. "ಸಿಗದಿದ್ರೆ ನೀನಾದ್ರೂ ಬಾ ಮಾರಾಯ."

ಮಾರ್ಚ್ 7, ಸಂಜೆ

ಇವತ್ತು ಮತ್ತೆ ಇಳಿದೆ. ಬರೆದುಬಿಡುತ್ತೇನೆ.

ಎದೆಯವರೆಗೂ ಪೊಳ್ಳಿನೊಳಗೆ ತೂರಿದೆ. ಹಗ್ಗ ಸಿಕ್ಕಿತು. ಮೂರು ಸಲ ಎಳೆದೆ. ಮೂರು ಅಂದರೆ 'ಮೇಲೆ ಬಾ'. ಬನ್ನಿ ಭಾವ, ಮನೆಗೆ ಹೋಗೋಣ...

ಒಳಗಿನಿಂದಲೂ ಮೂರು ಬಂತು. ಜೋರಾಗಿ. ನನಗೆ!

ಹಿಂದಕ್ಕೆ ಸರಿದೆ. ತಲೆ ಹೊರಬಂದದ್ದೇ ತಡ, ಮಣ್ಣು ಕುಸಿದು ಪೊಳ್ಳಿನ ಬಾಯಿ ಮುಚ್ಚಿತು. ಹಗ್ಗ ಕೈಜಾರುವ ಮುಂಚೆ ಇನ್ನೊಂದು ಎಳೆತ. ಸಣ್ಣದು.

ಒಳಗೆ ಏನೂ ಇಲ್ಲ ಅಂತ ಎಂಜಿನಿಯರಿಗೆ ಹೇಳಿಬಿಟ್ಟೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಸಿಕ್ಕಿದ್ರಾ?" ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳ ಬೆರಳು ಹಿಡಿದು ಮೆಲ್ಲಗೆ ಒಂದು ಸಲ ಎಳೆದೆ.

ಬಹಳ ಹೊತ್ತು ಅತ್ತಳು. ಆಮೇಲೆ ನನ್ನ ಬೆರಳು ಹಿಡಿದು ತಾನೂ ಒಂದು ಸಲ ಎಳೆದಳು. ಅಷ್ಟೇ ಮೆಲ್ಲಗೆ.

"ತಲುಪಿಸು," ಅಂದಳು.

ನಾಳೆ ಬೆಳಿಗ್ಗೆ ಅಲ್ಲಿ ಕಾಂಕ್ರೀಟ್ ತುಂಬುತ್ತಾರೆ. ತಲುಪಿಸಲು ಇರುವುದು ಈ ರಾತ್ರಿ ಒಂದೇ.