ನನಗಿಂತ ಮೊದಲು ಮೆಡಿಕಲ್ ಶಾಪಿಗೆ ತಿಳಿದ ಅಮ್ಮನ ತುರಿಕೆ

ಮಾನ್ಯರೇ,

ಬನಶಂಕರಿ ಎರಡನೇ ಹಂತದ ಔಷಧಿ ಅಂಗಡಿಗಳನ್ನು ತಪಾಸಣೆ ಮಾಡಬೇಕಾದ ಅಧಿಕಾರಿಗಳು ನೀವು. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಡಬ್ಬಿಯ ಮೇಲೆಯೇ ಅಚ್ಚಾಗಿರುವ ಸ್ಟೀರಾಯ್ಡ್ ಮುಲಾಮನ್ನು ನಮ್ಮ ಬೀದಿಯಲ್ಲಿ ಪೆಪ್ಪರ್‌ಮಿಂಟಿನಂತೆ ಮಾರುತ್ತಾರೆ. ಅದನ್ನು ಐದು ತಿಂಗಳು ಹಚ್ಚಿಕೊಂಡ ನನ್ನ ತಾಯಿ, ಎಪ್ಪತ್ತಮೂರು ವರ್ಷದ ಚೂಡಾಮಣಿಯವರ ಸೊಂಟದ ಚರ್ಮ ಈಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ದೂರು ಇಷ್ಟೇ. ಆದರೆ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪತ್ರದಲ್ಲಿ ನಾಗರಿಕ ಪ್ರಜ್ಞೆ ಕಾಲು ಭಾಗ, ಹೊಟ್ಟೆಕಿಚ್ಚು ಮುಕ್ಕಾಲು ಭಾಗ.

ಹೊಟ್ಟೆಕಿಚ್ಚು ನಮ್ಮ ಬೀದಿ ಕೊನೆಯ ಮೆಡಿಕಲ್ ಶಾಪಿನ ಕೆಂಪರಾಜುವಿನ ಮೇಲೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಶಿಲೀಂಧ್ರಗಳ ಪಾಠವನ್ನು ಇಪ್ಪತ್ತೆರಡು ವರ್ಷ ಮಾಡಿದ್ದೇನೆ. ಅಮ್ಮ ಇರುವುದು ನನ್ನ ಜೊತೆಗೇ. ಆದರೂ ಸೊಂಟದಲ್ಲಿ ಹುಳುಕಡ್ಡಿ ಎದ್ದಾಗ ಅವಳು ಹೇಳಿದ್ದು ಕೆಂಪರಾಜುವಿಗೆ. ಅವನು "ಅಮ್ಮ, ಊಟ ಆಯ್ತಾ? ಶುಗರ್ ಮಾತ್ರೆ ತಗೊಂಡ್ರಾ?" ಎಂದು ವಿಚಾರಿಸುತ್ತಾನಂತೆ. ನಾನೂ ವಿಚಾರಿಸುತ್ತೇನೆ. ನನಗೆ ಸಿಗುವ ಉತ್ತರ ಬರೀ "ಹೂಂ". ಅವನಿಗಾದರೆ ಮಂಡಿನೋವಿನಿಂದ ಹಿಡಿದು ಹಾಲು ಒಡೆದದ್ದರ ತನಕ ಸಕಲ ಸಮಾಚಾರ. ಗೋಕುಲಾಷ್ಟಮಿಗೆ ಕೋಡುಬಳೆ ಕರಿದರೆ, ನೈವೇದ್ಯವಾದ ಮೇಲೆ ಮೊದಲ ಡಬ್ಬಿ ಹೋಗುವುದು ಅವನ ಅಂಗಡಿಗೆ. ಐವತ್ತರ ಹತ್ತಿರ ಬಂದ ಹೆಂಗಸು ಕೋಡುಬಳೆಗಾಗಿ ಮುಖ ಊದಿಸಿಕೊಳ್ಳುವುದು ಚೆನ್ನಾಗಿ ಕಾಣುವುದಿಲ್ಲ, ಗೊತ್ತು. ಆದರೂ ಊದಿಸಿಕೊಂಡಿದ್ದೇನೆ.

ತಪ್ಪು ಅವನದೊಬ್ಬನದೇ ಎಂದರೆ ದೇವರು ಮೆಚ್ಚುವುದಿಲ್ಲ. ನಮ್ಮ ಮನೆಯ ಮಡಿಯದೂ ಪಾಲಿದೆ. ಅಮ್ಮ ದೇವರ ಮುಂದೆ, ಒಲೆಯ ಮುಂದೆ ನಿಲ್ಲುವುದು ಮಡಿಸೀರೆ ಉಟ್ಟೇ. ಆ ಸೀರೆ ಒಣಗುವುದು ಒಳಕೋಣೆಯಲ್ಲಿ, ಮೇಲೆ ಕಟ್ಟಿದ ಬಿದಿರಿನ ಗಳದ ಮೇಲೆ. ತಾರಸಿಯ ಬಿಸಿಲಿಗೆ ಹಾಕಿದರೆ ಯಾರಾದರೂ ಮುಟ್ಟಿಬಿಟ್ಟಾರು. ಇಸ್ತ್ರಿಗೆ ಕೊಡುವ ಮಾತಂತೂ ಎತ್ತುವಂತಿಲ್ಲ. ಮಳೆ ಹಿಡಿದ ದಿನಗಳಲ್ಲಿ ಸೀರೆ ಅರ್ಧ ಹಸಿಯಾಗಿದ್ದರೂ ಅದನ್ನೇ ಸೊಂಟಕ್ಕೆ ಬಿಗಿಯುತ್ತಾಳೆ. ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಬಾಡಿಗೆ ಮನೆ ಬೆಂಗಳೂರಿನಲ್ಲೇ ಸಿಕ್ಕದು. ಪೂಜೆ, ಅಡುಗೆ, ಊಟ ಎಲ್ಲ ಮುಗಿಯುವ ತನಕ ನಾನು ಅವಳಿಂದ ಎರಡು ಮಾರು ದೂರ ನಿಲ್ಲಬೇಕು. ಹೀಗಾಗಿ ಏನೂ ಕಾಣಲಿಲ್ಲ.

ಕಂಡದ್ದು ಯುಗಾದಿಯ ಹಿಂದಿನ ವಾರ. ಅಮ್ಮನ ಕೈ ಉಳುಕಿತ್ತು. ಸೀರೆ ಉಡಿಸಲು ಬೇರೆ ದಾರಿಯಿಲ್ಲದೆ ನನ್ನನ್ನು ಕರೆದಳು. ಸೊಂಟದಿಂದ ಬೆನ್ನಿನವರೆಗೆ ತಟ್ಟೆಯಗಲದ ಕೆಂಪು ಸುತ್ತುಗಳು, ಕೆರೆದ ಗಾಯಗಳು, ಚರ್ಮದಡಿ ಕಾಣುವ ನೀಲಿ ನರಗಳು.

"ಯಾವಾಗ್ಲಿಂದಮ್ಮಾ ಇದು?"

"ದೀಪಾವಳಿಯಿಂದ. ರಾಜು ಟ್ಯೂಬ್ ಕೊಟ್ಟಿದಾನೆ. ಹಚ್ಚಿದ್ರೆ ಎರಡೇ ದಿನಕ್ಕೆ ತಣ್ಣಗಾಗತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಬೈತೀಯ. ಅವ್ನು ಬೈಯಲ್ಲ."

ಅವಳು ಹೇಳಿದ್ದು ನಿಜ. ಆದ್ದರಿಂದ ಬೈದೆ.

ಜಯನಗರದ ಚರ್ಮವೈದ್ಯೆ ಸೂಕ್ಷ್ಮದರ್ಶಕದಡಿ ನೋಡಿ, "ಇದು ಮಾಮೂಲಿ ಹುಳುಕಡ್ಡಿ ಕಣಮ್ಮ. ಮೊದ್ಲೇ ಬಂದಿದ್ರೆ ಬೇಗ ವಾಸಿಯಾಗ್ತಿತ್ತು. ಆ ಟ್ಯೂಬ್ ಮೇಲೆ ಮೇಲೆ ತಣ್ಣಗ್ ಮಾಡಿ, ಒಳಗೆ ಚೆನ್ನಾಗಿ ಹರಡೋಕೆ ಬಿಟ್ಟಿದೆ" ಎಂದರು. ಟ್ಯೂಬು ನಿಲ್ಲಿಸಿದರೆ ಕೆಲವು ವಾರ ಉರಿ ಹೆಚ್ಚುತ್ತದೆ, ತಡೆದುಕೊಳ್ಳಬೇಕು ಎಂದು ಅಮ್ಮನಿಗೂ, ಶುಗರ್ ಇರುವವರ ಗಾಯ ಕೀವಾದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ನನಗೂ ಹೇಳಿದರು. ಅಮ್ಮ ತಡೆದುಕೊಂಡದ್ದು ಒಂಬತ್ತು ದಿನ. ಹತ್ತನೆಯ ದಿನ ನಾನು ಶಾಲೆಯಿಂದ ಬಂದಾಗ ದೇವರ ಮನೆಯ ಗೂಡಿನಲ್ಲಿ, ಅರಿಶಿನ ಕುಂಕುಮದ ಭರಣಿಯ ಹಿಂದೆ ಹೊಸ ಟ್ಯೂಬು ಇತ್ತು. ಮಡಿಯ ಜಾಗ, ನಾನು ಕೈ ಹಾಕಲಾರೆನೆಂಬ ಧೈರ್ಯ.

ನೆಟ್ಟಗೆ ಅಂಗಡಿಗೆ ಹೋಗಿ ರೇಗಿದೆ. ಕೆಂಪರಾಜು ದನಿ ಏರಿಸಲಿಲ್ಲ. "ನಾನ್ ಕೊಡ್ಲಿಲ್ಲ ಅಂದ್ರೆ ಮುಂದಿನ ಅಂಗಡಿಯವ್ನು ಕೊಡ್ತಾನೆ ಮೇಡಂ. ನನ್ ಹತ್ರ ಬಂದ್ರೆ ಅಮ್ಮ ಹೇಗಿದಾರೆ ಅಂತಾದ್ರೂ ಗೊತ್ತಿರತ್ತೆ. ಉರಿ ಅಂತ ಕಣ್ಣಲ್ಲಿ ನೀರ್ ಹಾಕ್ಕೊಂಡ್ರು. ಏನ್ ಮಾಡ್ಲಿ ಹೇಳಿ?" ಎಂದ. ನನ್ನ ಅಮ್ಮ ಅವನ ಕೌಂಟರಿನ ಮುಂದೆ ಅತ್ತಿದ್ದಾಳೆ. ನನ್ನ ಮುಂದೆ ಅವಳು ಕಣ್ಣೀರು ಹಾಕಿದ್ದು ಅಪ್ಪ ತೀರಿಕೊಂಡ ದಿನ, ಅಷ್ಟೇ. ಅವನನ್ನು ಬೈಯಲು ಹೋದವಳು ಅಸೂಯೆ ಹೊತ್ತುಕೊಂಡು ವಾಪಸು ಬಂದೆ.

ಮಾನ್ಯರೇ, ಈಗ ನಿಮ್ಮ ಸರದಿ. ಆ ಮುಂದಿನ ಅಂಗಡಿಯವನೂ ಕೊಡುತ್ತಾನೆಂಬ ಧೈರ್ಯ ಕೆಂಪರಾಜುವಿಗೆ ಬಂದದ್ದು ಎಲ್ಲಿಂದ? ಚೀಟಿ ಎಲ್ಲಿ ಎಂದು ಈ ಬೀದಿಯಲ್ಲಿ ನೀವು ಕೊನೆಯ ಸಲ ಕೇಳಿದ್ದು ಯಾವಾಗ? ಡಬ್ಬಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಅದನ್ನು ಯಾರು ಓದಲೆಂದು ಹಾಕಿಸಿದ್ದೀರಿ, ಶಿಲೀಂಧ್ರವೇ? ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚಿದೆ. ನಾನು ಗಂಟಲು ಹರಿದುಕೊಂಡರೂ ಆಗದ ಕೆಲಸ ನಿಮ್ಮ ಒಂದು ಸಹಿಯಲ್ಲಿ ಆಗುತ್ತದೆ. ಅಷ್ಟು ಶಕ್ತಿಯ ಪೆನ್ನು ಜೇಬಿನಲ್ಲಿಟ್ಟುಕೊಂಡು ನೀವು ಸುಮ್ಮನಿದ್ದೀರಿ.

ನಾಳೆಯೇ ಬನ್ನಿ. ನಮ್ಮ ಬೀದಿಯ ಎರಡೂ ಅಂಗಡಿಗಳಲ್ಲಿ, ಹಿಂದಿನ ಬೀದಿಯಲ್ಲಿಯೂ, ಚೀಟಿಯಿಲ್ಲದೆ ಈ ಮುಲಾಮು ಕೊಡುವುದನ್ನು ನಿಲ್ಲಿಸಿ. ಅಮ್ಮನ ಗಾಯಕ್ಕೆ ಇನ್ನೊಂದು ಟ್ಯೂಬಿನಷ್ಟು ಕಾಲಾವಕಾಶವಿಲ್ಲ. ಆಮೇಲೆ ಆ ಡಬ್ಬಿಯ ಮೇಲೆ ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕಿಸಿ: "ಹಚ್ಚಿಕೊಳ್ಳುವ ಮೊದಲು ಮನೆಯಲ್ಲಿರುವ ಮಗಳಿಗೆ ತೋರಿಸಿ." ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಿ. ಅವಳು ಬೈಯುವುದಿಲ್ಲ ಎಂದು ನಾನೇ ಬರೆದು ಸಹಿ ಹಾಕುತ್ತೇನೆ.

ಇಂತಿ,
ಸ್ವಂತ ತಾಯಿಯ ವಿಶ್ವಾಸಕ್ಕಾಗಿ ಮೆಡಿಕಲ್ ಶಾಪಿನ ಹಿಂದೆ ಸಾಲಿನಲ್ಲಿ ನಿಂತಿರುವ
ಮೈತ್ರಿ
ಬನಶಂಕರಿ ಎರಡನೇ ಹಂತ