ಗುಟ್ಟಿನ ಮನೆಗೊಂದು ಬೋರ್ಡು

ಮಾನ್ಯ ನಿರ್ದೇಶಕರೇ,

ನಾವು ತಲೆಮರೆಸಿಕೊಂಡಿರುವ ಮನೆಗೆ ತಾವು ಹಾಕಿಸಿರುವ ಬೋರ್ಡನ್ನು ದಯವಿಟ್ಟು ಇಳಿಸಿ. ಪೀಠಿಕೆಗೆ ಪುರುಸೊತ್ತಿಲ್ಲ. 'ಕೌಟುಂಬಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರ ಹಾಗೂ ಮಕ್ಕಳ ರಹಸ್ಯ ವಸತಿ ಕೇಂದ್ರ' ಎಂದು ಆಳೆತ್ತರದ ಬೋರ್ಡು, ಅದಕ್ಕೊಂದು ದೀಪ, ಬಸ್ ನಿಲ್ದಾಣದ ತಿರುವಿನಲ್ಲಿ ದಾರಿ ತೋರಿಸಲು ಇನ್ನೊಂದು ಬೋರ್ಡು. 'ರಹಸ್ಯ' ಎಂಬ ಪದವನ್ನು ಕೆಂಪಕ್ಷರದಲ್ಲಿ ಬರೆಸಿದವರ ಜಾಣತನಕ್ಕೆ ಶರಣು. ಅನುದಾನ ಪಡೆಯುವ ಎಲ್ಲ ಕೇಂದ್ರಗಳೂ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ನಾಮಫಲಕ ಹಾಕತಕ್ಕದ್ದು ಎಂದು ತಮ್ಮ ಸುತ್ತೋಲೆ. ನಾವು ಯಾರ ಕಣ್ಣಿಗೆ ಬೀಳಬಾರದೆಂದು ಇಲ್ಲಿ ಅಡಗಿದ್ದೇವೋ ಅವನೂ ಸಾರ್ವಜನಿಕರಲ್ಲಿ ಒಬ್ಬನೆಂದು ತಮಗೆ ಹೊಳೆಯಲೇ ಇಲ್ಲವೇ?

ನಾನು ಆಸ್ಪತ್ರೆಯೊಂದರಲ್ಲಿ ಹಾಸಿಗೆಯ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುತ್ತಿದ್ದವಳು. ನನ್ನ ಗಂಡ ಹೊರಗಿನವರಿಗೆ ಬಲು ಸಭ್ಯ. ಮನೆಯಲ್ಲಿ ಮಾತ್ರ ನನ್ನ ಚೀಲ ತಡಕಿ ನೋಡದೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಕುತ್ತಿಗೆಯ ಮೇಲಿನ ಗುರುತು ಮೇಲ್ವಿಚಾರಕಿಯ ಕಣ್ಣಿಗೆ ಬಿತ್ತು. ಅವರು ಈ ಕೇಂದ್ರವನ್ನು ನಡೆಸುವ ಅಕ್ಕನನ್ನು ಹೊಲಿಗೆಯವಳೆಂದು ಹೇಳಿ ಒಳಗೆ ಕರೆತಂದು ನನ್ನ ಪಕ್ಕ ಕೂರಿಸಿದರು. ಹರಿದ ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಲೇ ಅಕ್ಕ ಹೇಳಿದಳು: "ಅವಸರ ಮಾಡ್ಬೇಡ ಕಣಮ್ಮ. ನೀನು ಹೊರಡ್ತಿದ್ದೀಯ ಅಂತ ಅವನಿಗೆ ಗೊತ್ತಾದ್ರೆ, ಅದೇ ಎಲ್ಲಕ್ಕಿಂತ ಅಪಾಯ. ಮಕ್ಕಳ ಬಟ್ಟೆ ಒಂದೊಂದೇ ಸೊಂಟಕ್ಕೆ ಸುತ್ಕೊಂಡು ಬಾ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಹಾಗೇ ಮಾಡಿದೆ. ಮಗಳ ಫ್ರಾಕು, ಮಗನ ಚಡ್ಡಿ ಒಂದೊಂದಾಗಿ ನನ್ನ ಸೊಂಟಕ್ಕೆ ಸುತ್ತಿಕೊಂಡು ಬಂದು ಆಸ್ಪತ್ರೆಯ ಬೀರು ಸೇರಿದವು. "ಏನೇ, ದಿನೇ ದಿನೇ ದಪ್ಪ ಆಗ್ತಿದ್ದೀಯ! ಗಂಡ ಚೆನ್ನಾಗಿ ನೋಡ್ಕೋತಾನೆ ಬಿಡು" ಎಂದು ಜೊತೆಯವರು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೊಳಗೇ ಜೀವ ಹೋಗುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಅಕ್ಕ ಮಕ್ಕಳನ್ನು ಶಾಲೆಯಿಂದ ಕರೆತಂದಳು. ಬಟ್ಟೆ ಸಾಗಿಸುವ ವ್ಯಾನಿನಲ್ಲಿ, ಗಂಟುಗಳ ನಡುವೆ ಕೂತು ನಾವು ಇಲ್ಲಿಗೆ ಬಂದೆವು. ವಕೀಲರು, ವೈದ್ಯರು, ಮಕ್ಕಳಿಗೆ ಹೊಸ ಶಾಲೆ, ಎಲ್ಲವನ್ನೂ ಅಕ್ಕನೇ ಹೊಂದಿಸಿದಳು. ಈ ಮನೆಯ ವಿಷಯ ಇಡೀ ಬೀದಿಗೆ ಗೊತ್ತು, ಕೇಳಿದರೆ ಯಾರಿಗೂ ಗೊತ್ತಿಲ್ಲ. ನಮ್ಮನ್ನು ಇಷ್ಟು ದಿನ ಕಾಪಾಡಿದ್ದು ಅದೇ. ಅದಕ್ಕೆ ತಮ್ಮ ಅನುದಾನದಲ್ಲಿ ಬಿಡಿಗಾಸೂ ಖರ್ಚಾಗಿಲ್ಲ.

ನಿನ್ನೆ ಕೆಳಗಿನ ಬೇಕರಿಯ ಮುಂದೆ ಒಬ್ಬ ಮೆಲ್ಲಗೆ ಕೇಳುತ್ತಿದ್ದ: "ಅಣ್ಣಾ, ಈ ಬೋರ್ಡಿನ ಮನೆಗೆ ಮೆಟ್ಟಿಲು ಎಲ್ಲಿಂದ? ಮಗಳು ಶೂ ಬಿಟ್ಟು ಬಂದಿದ್ದಾಳೆ. ಕೊಟ್ಟು ಹೋಗ್ತೀನಿ."

ಕಿಟಕಿಯ ಹಿಂದಿದ್ದ ನನಗೆ ದನಿ ಗೊತ್ತಾಯಿತು.

"ಅಯ್ಯೋ, ಅವ್ರು ಖಾಲಿ ಮಾಡ್ಕೊಂಡು ಹೋಗಿ ಎಷ್ಟೋ ದಿನ ಆಯ್ತು ಸ್ವಾಮಿ" ಎಂದರು ಬೇಕರಿಯವರು. "ಸರ್ಕಾರದ ಬೋರ್ಡಲ್ವಾ? ಜನ ಹೋದ್ಮೇಲೇ ಬರೋದು!"

ಅವನು ನಂಬಿದ. ತಮ್ಮ ಇಲಾಖೆಗೆ ಇರುವ ಹೆಸರು ನಮ್ಮ ಜೀವ ಉಳಿಸಿತು, ವಂದನೆಗಳು. ಆದರೆ ತಿರುವಿನಲ್ಲಿ ನಿಂತು ಅವನು ಒಮ್ಮೆ ಮೇಲೆ ನೋಡಿದ. ನಾನು ಹಿಂದೆ ಸರಿದು ತಿರುಗಿದರೆ, ಮಗಳು ತಮ್ಮನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಕ್ಕ ತಮ್ಮ ಕಚೇರಿಗೆ ಫೋನು ಮಾಡಿದಳು. "ಬೋರ್ಡು ಸರ್ಕಾರಿ ಆಸ್ತಿ. ಮುಟ್ಟಿದ್ರೆ ಅನುದಾನ ನಿಲ್ಲುತ್ತೆ. ಮುಂದಿನ ಸಭೇಲಿ ಇಡೋಣ" ಎಂದರಂತೆ. ಇಡಿ ಸ್ವಾಮಿ, ಅವನಿಗೂ ಒಂದು ಆಹ್ವಾನಪತ್ರ ಕಳಿಸಿ.

ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವಷ್ಟರಲ್ಲಿ ಇಲ್ಲಿರುವ ನಾವೆಲ್ಲರೂ ಬೇರೆ ಕಡೆ ಹೋಗಿರುತ್ತೇವೆ. ಎಲ್ಲಿಗೆಂದು ತಮ್ಮ ಕಚೇರಿಗೂ ಹೇಳುವುದಿಲ್ಲ, ಕ್ಷಮಿಸಿ. ಹೇಳಿದರೆ ಅಲ್ಲಿಗೂ ಬೋರ್ಡು ಬಂದೀತು. ಹೋಗುವವಳು ಈಗೇಕೆ ಬರೆಯುತ್ತಿದ್ದೀಯ ಎಂದರೆ, ತಮ್ಮ ಸುತ್ತೋಲೆ ಇಂಥ ಎಲ್ಲ ಮನೆಗಳಿಗೂ ಹೋಗಿದೆ. ಅದನ್ನು ಹಿಂತೆಗೆದುಕೊಳ್ಳಿ. ಹಾಕಿದ ಬೋರ್ಡುಗಳನ್ನು ಇವತ್ತೇ ಇಳಿಸಿ, ಸಭೆಯನ್ನು ಆಮೇಲೆ ನಡೆಸಿಕೊಳ್ಳಿ. ಎಲ್ಲ ಮನೆಗಳ ಕೆಳಗೂ ಇಂಥ ಬೇಕರಿಯವರು ಇರುವುದಿಲ್ಲ.

ಗಂಟುಮೂಟೆ ಕಟ್ಟಿ ಬಾಗಿಲ ಹಿಂದೆ ಕೂತಿದ್ದೇವೆ. ಕೆಳಗೆ ಯಾವುದೋ ಗಾಡಿ ಬಂದು ನಿಂತ ಸದ್ದಾಯಿತು. ಅಕ್ಕನದೇ ಇರಬೇಕು.

ಇಂತಿ,
ಹೆಸರು ಬರೆಯಲು ಹೆದರುವ
ತಮ್ಮ ಒಬ್ಬ ಫಲಾನುಭವಿ